ಡಿಎಲ್‌ಎಲ್ ಫೈಲ್ ಕಾಣೆ, ಪ್ರೋಗ್ರಾಂ ತೆರೆಯುತ್ತಿಲ್ಲ: ರನ್‌ಟೈಮ್ ಲೈಬ್ರರಿ ದೋಷಗಳನ್ನು ಸರಿಪಡಿಸುವ ಬಗೆ

ಪ್ರೋಗ್ರಾಂ ತೆರೆಯಲು ಹೋದರೆ ‘ಎಂಎಸ್‌ವಿಸಿಪಿ140.ಡಿಎಲ್‌ಎಲ್ ಸಿಗಲಿಲ್ಲ’ ಎಂಬ ಪೆಟ್ಟಿಗೆ ಬರುತ್ತದೆ, ಈ ಫೈಲನ್ನು ಎಲ್ಲಿಂದ ಡೌನ್‌ಲೋಡ್ ಮಾಡಲಿ? ಓದುಗರು ನನ್ನನ್ನು ಅತಿ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಫೈಲಿನ ಹೆಸರು ಬೇರೆ ಇರುತ್ತದೆ, ಪ್ರೋಗ್ರಾಂ ಬೇರೆ ಇರುತ್ತದೆ, ಪ್ರಶ್ನೆ ಮಾತ್ರ ಅದೇ. ನಾನು ಹೇಳುವುದೂ ಪ್ರತಿಸಲ ಅದನ್ನೇ: ಫೈಲನ್ನು ಹುಡುಕಿಕೊಂಡು ಹೋಗಬೇಡಿ, ಆ ಫೈಲ್ ಯಾವ ಪ್ಯಾಕೇಜಿಗೆ ಸೇರಿದ್ದು ಎಂದು ಕಂಡುಕೊಳ್ಳಿ. ಒಡೆಯ ಯಾರೆಂದು ಗೊತ್ತಾದರೆ ಬಹುಪಾಲು ಸಂದರ್ಭಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತದೆ. ಗೊತ್ತಾಗದೆ ಸಿಕ್ಕಸಿಕ್ಕಲ್ಲಿಂದ ಫೈಲ್ ತಂದು ಹಾಕಿದರೆ ಒಂದು ದೋಷ ಹೋಗಿ ಮೂರು ಬರುತ್ತವೆ. ಆಮೇಲೆ ಯಾವುದು ಮೊದಲಿನದು, ಯಾವುದು ನಾವೇ ತಂದುಕೊಂಡದ್ದು ಎಂದು ಬೇರ್ಪಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ಇಲ್ಲಿ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ ಅನ್ವಯಿಸುತ್ತದೆ. ಫೈಲುಗಳ ಹೆಸರುಗಳನ್ನೂ ಆದೇಶಗಳನ್ನೂ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಈ ಡಿಎಲ್‌ಎಲ್ ಎಂದರೇನು?

ಡಿಎಲ್‌ಎಲ್ ಎಂದರೆ ಡೈನಮಿಕ್ ಲಿಂಕ್ ಲೈಬ್ರರಿ. ಫೈಲ್ ತೆರೆಯುವುದು, ಮೆಮೊರಿ ಪಡೆಯುವುದು, ಲೆಕ್ಕ ಮಾಡುವುದು, ಅಕ್ಷರಗಳನ್ನು ಜೋಡಿಸುವುದು ಇಂಥ ಕೆಲಸಗಳು ಎಲ್ಲ ಪ್ರೋಗ್ರಾಂಗಳಿಗೂ ಬೇಕು. ಪ್ರತಿಯೊಂದು ಪ್ರೋಗ್ರಾಂ ಇವನ್ನೆಲ್ಲ ತಾನೇ ಹೊತ್ತು ತರುವ ಬದಲು, ಒಂದೆಡೆ ಇಟ್ಟ ಸಿದ್ಧ ಕೋಡನ್ನು ಎಲ್ಲವೂ ಹಂಚಿಕೊಂಡು ಬಳಸುತ್ತವೆ. ಆ ಸಿದ್ಧ ಕೋಡ್ ಇರುವ ಫೈಲೇ ಡಿಎಲ್‌ಎಲ್. ಪ್ರೋಗ್ರಾಂ ಓಡುವ ಹೊತ್ತಿಗೆ ಬೇಕಾಗುವಂಥವು ರನ್‌ಟೈಮ್ ಲೈಬ್ರರಿಗಳು.

ಸಿ++ ಭಾಷೆಯಲ್ಲಿ, ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೋ ಬಳಸಿ ಬರೆದ ಪ್ರೋಗ್ರಾಂಗಳಿಗೆ ವಿಷುಯಲ್ ಸಿ++ ರನ್‌ಟೈಮ್ ಬೇಕು. ಇದನ್ನು ಮೈಕ್ರೋಸಾಫ್ಟ್ ಉಚಿತವಾಗಿ ‘ರೀಡಿಸ್ಟ್ರಿಬ್ಯೂಟಬಲ್’ ಎಂಬ ಹೆಸರಿನಲ್ಲಿ ಕೊಡುತ್ತದೆ. ಪ್ರೋಗ್ರಾಂ ಮಾಡಿದವರು ತಮ್ಮ ಇನ್‌ಸ್ಟಾಲರ್ ಜೊತೆ ಸೇರಿಸಿ ಹಂಚಲು ಅನುಮತಿ ಇರುವ ಪ್ಯಾಕೇಜ್ ಎಂದು ಅದರ ಅರ್ಥ. ಅವರು ಸೇರಿಸುವುದನ್ನು ಮರೆತರೆ, ಅಥವಾ ನೀವು ಇನ್‌ಸ್ಟಾಲ್ ಮಾಡದೆ ಜಿಪ್ ಫೈಲ್ ಬಿಚ್ಚಿ ನೇರವಾಗಿ ಓಡಿಸಿದರೆ, ಲೈಬ್ರರಿ ಇಲ್ಲದೆ ಪ್ರೋಗ್ರಾಂ ನಿಂತುಬಿಡುತ್ತದೆ. ಇನ್ನು ಕೆಲವೊಮ್ಮೆ ಲೈಬ್ರರಿ ಇರುತ್ತದೆ, ಆದರೆ ಹಾಳಾಗಿರುತ್ತದೆ ಅಥವಾ ತೀರ ಹಳೆಯದಾಗಿರುತ್ತದೆ.

ಶುರು ಮಾಡುವ ಮೊದಲು

ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಖಾತೆ, ಇಂಟರ್ನೆಟ್ ಸಂಪರ್ಕ, ಬಿಡುವಿನ ಒಂದು ಗಂಟೆ ಇದ್ದರೆ ಸಾಕು. ಸ್ಟಾರ್ಟ್ ಮೆನುವಿನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ ಒಂದು ರಿಸ್ಟೋರ್ ಪಾಯಿಂಟ್ ಮಾಡಿಟ್ಟುಕೊಳ್ಳಿ. ಏನಾದರೂ ಹದಗೆಟ್ಟರೆ ವಿಂಡೋಸಿನ ವ್ಯವಸ್ಥೆಯನ್ನು ಈಗಿನ ಸ್ಥಿತಿಗೆ ಮರಳಿಸುವ ಗುರುತು ಅದು. ನಿಮ್ಮ ಫೋಟೋ, ದಾಖಲೆಗಳ ಬ್ಯಾಕಪ್ ಅಲ್ಲ ಎಂಬುದು ನೆನಪಿರಲಿ.

ಹಂತ 1: ಸಂದೇಶವನ್ನು ಅಕ್ಷರ ಬಿಡದೆ ಬರೆದುಕೊಳ್ಳಿ

‘ಯಾವುದೋ ಡಿಎಲ್‌ಎಲ್ ಎರರ್ ಬರುತ್ತಿದೆ’ ಎಂದಷ್ಟೇ ಹೇಳಿದರೆ ಯಾರಿಗೂ ಸಹಾಯ ಮಾಡಲು ಆಗುವುದಿಲ್ಲ. ಪೆಟ್ಟಿಗೆಯ ಚಿತ್ರ ತೆಗೆದುಕೊಳ್ಳಿ, ಅಥವಾ ಫೈಲಿನ ಹೆಸರನ್ನು ಅಂಕಿ, ಅಡಿಗೀಟು ಸಮೇತ ಬರೆದುಕೊಳ್ಳಿ. ವಿಸಿರನ್‌ಟೈಮ್140 ಬೇರೆ, ವಿಸಿರನ್‌ಟೈಮ್140_1 ಬೇರೆ. ಆ ಕೊನೆಯ ಒಂದು ಅಂಕಿಯಿಂದಲೇ ದೋಷದ ಕಾರಣ ತಿಳಿಯುತ್ತದೆ ಎಂಬುದನ್ನು ಮುಂದೆ ನೋಡುತ್ತೀರಿ.

ಸಂದೇಶದ ರೂಪವನ್ನೂ ಗಮನಿಸಿ. ಫೈಲ್ ‘ಸಿಗಲಿಲ್ಲ’ ಎಂದರೆ ಅದು ಇಲ್ಲವೇ ಇಲ್ಲ. 0ಎಕ್ಸ್‌ಸಿ0000135 ಎಂಬ ಕೋಡ್ ಹೇಳುವುದೂ ಇದನ್ನೇ. ‘ಎಂಟ್ರಿ ಪಾಯಿಂಟ್ ಸಿಗಲಿಲ್ಲ’ ಎಂದರೆ ಫೈಲ್ ಇದೆ, ಆದರೆ ಪ್ರೋಗ್ರಾಂ ಕರೆದ ಕೆಲಸ ಅದರೊಳಗೆ ಇಲ್ಲ. ಸಾಮಾನ್ಯವಾಗಿ ಫೈಲ್ ಹಳೆಯ ಆವೃತ್ತಿಯದಾಗಿರುತ್ತದೆ. ‘ಬ್ಯಾಡ್ ಇಮೇಜ್’ ಎಂದು ಬಂದರೆ ಫೈಲ್ ಹಾಳಾಗಿದೆ ಅಥವಾ ಅರ್ಧಕ್ಕೆ ತುಂಡಾಗಿದೆ ಎಂದು ಶಂಕಿಸಿ. 0ಎಕ್ಸ್‌ಸಿ000007ಬಿ ಬಂದರೆ ಹೆಚ್ಚಿನ ಸಂದರ್ಭದಲ್ಲಿ 32 ಬಿಟ್, 64 ಬಿಟ್ ಫೈಲುಗಳು ಅದಲುಬದಲಾಗಿವೆ (ವಿವರ ಹಂತ 3ರಲ್ಲಿ).

ಇದೇ ಗುಂಪಿನದೆಂದು ಜನ ತಪ್ಪು ತಿಳಿಯುವ ಇನ್ನೊಂದು ಸಂದೇಶವಿದೆ. ‘ಮೈಕ್ರೋಸಾಫ್ಟ್ ವಿಷುಯಲ್ ಸಿ++ ರನ್‌ಟೈಮ್ ಲೈಬ್ರರಿ’ ಎಂಬ ತಲೆಬರಹದ ಪೆಟ್ಟಿಗೆಯಲ್ಲಿ ‘ರನ್‌ಟೈಮ್ ಎರರ್’ ಎಂದೂ ಆರ್6025ರಂಥ ಒಂದು ಸಂಖ್ಯೆಯೂ ಇರುತ್ತದೆ. ಇಲ್ಲಿ ಲೈಬ್ರರಿ ಕಾಣೆಯಾಗಿಲ್ಲ. ಲೈಬ್ರರಿ ಕೆಲಸ ಮಾಡುತ್ತಿರುವುದರಿಂದಲೇ ಪ್ರೋಗ್ರಾಂ ಒಳಗಿನ ತಪ್ಪನ್ನು ಅದು ಹಿಡಿದು ತೋರಿಸುತ್ತಿದೆ. ಆ ಪ್ರೋಗ್ರಾಂ ಅಥವಾ ಅದಕ್ಕೆ ಸೇರಿಸಿದ ಪ್ಲಗಿನ್ ಅನ್ನು ಅಪ್‌ಡೇಟ್ ಮಾಡಿ ನೋಡಬೇಕೇ ಹೊರತು ರನ್‌ಟೈಮನ್ನು ಹತ್ತು ಸಲ ಇನ್‌ಸ್ಟಾಲ್ ಮಾಡಿ ಫಲವಿಲ್ಲ.

ಹಂತ 2: ಫೈಲ್ ಯಾರಿಗೆ ಸೇರಿದ್ದು ಎಂದು ಗುರುತಿಸಿ

ಇಡೀ ಕೆಲಸದ ತಿರುಳು ಇದು, ನಿಧಾನವಾಗಿ ಓದಿ.

ಹೆಸರು ಎಂಎಸ್‌ವಿಸಿಆರ್, ಎಂಎಸ್‌ವಿಸಿಪಿ, ವಿಸಿರನ್‌ಟೈಮ್ ಅಥವಾ ಎಂಎಫ್‌ಸಿ ಎಂದು ಶುರುವಾಗಿ ಮುಂದೆ ಅಂಕಿ ಇದ್ದರೆ ಅದು ವಿಷುಯಲ್ ಸಿ++ ಕುಟುಂಬ. ಅಂಕಿಯನ್ನು ನೋಡಿ ವರ್ಷ ಹೇಳಬಹುದು. 80 ಎಂದರೆ 2005ರ ಪ್ಯಾಕೇಜ್, 90 ಎಂದರೆ 2008, 100 ಎಂದರೆ 2010, 110 ಎಂದರೆ 2012, 120 ಎಂದರೆ 2013. 130 ಎಂಬುದು ಇಲ್ಲ; ಮೈಕ್ರೋಸಾಫ್ಟ್ ಆ ಸಂಖ್ಯೆಯನ್ನು ಹಾರಿಸಿ 140ಕ್ಕೆ ಹೋಯಿತು. 2015ರಿಂದ ಈಚೆಗೆ, ಅಂದರೆ 2015, 2017, 2019, 2022 ಎಲ್ಲವೂ 140ರ ಕೆಳಗೇ ಬರುತ್ತವೆ. ಈ ನಾಲ್ಕಕ್ಕೂ ಒಂದೇ ಪ್ಯಾಕೇಜ್, ಅದರಲ್ಲೂ ಹೊಸದಾದದ್ದನ್ನು ಹಾಕಿದರೆ ಹಳೆಯವೂ ನಡೆಯುತ್ತವೆ. ಆದರೆ 2013 ಮತ್ತು ಅದಕ್ಕಿಂತ ಹಿಂದಿನವು ಹಾಗಲ್ಲ. ಅವುಗಳಲ್ಲಿ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಎಂಎಸ್‌ವಿಸಿಆರ್120 ಬೇಕಾದವರಿಗೆ 2013ರ ಪ್ಯಾಕೇಜೇ ಬೇಕು. ‘ಹೊಸದನ್ನು ಹಾಕಿದ್ದೇನೆ, ಆದರೂ ಬರುತ್ತಿದೆ’ ಎನ್ನುವವರಲ್ಲಿ ಹಲವರು ಎಡವುವುದು ಇಲ್ಲೇ.

ವಿಸಿರನ್‌ಟೈಮ್140_1 ಎಂಬ ಫೈಲ್ ಸೇರಿದ್ದು 2019ರ ಆವೃತ್ತಿಯಿಂದ, ಅದೂ 64 ಬಿಟ್ ಪ್ರೋಗ್ರಾಂಗಳಿಗಾಗಿ. ನಿಮ್ಮಲ್ಲಿ 2015ರ ಅಥವಾ 2017ರ ಹಳೆಯ ಪ್ಯಾಕೇಜ್ ಮಾತ್ರ ಇದ್ದರೆ ವಿಸಿರನ್‌ಟೈಮ್140 ಇರುತ್ತದೆ, 140_1 ಇರುವುದಿಲ್ಲ. ಅಂಥವರು ಈಗಿನ ಪ್ಯಾಕೇಜ್ ಹಾಕಿದರೆ ಸಾಕು.

ಹೆಸರಿನ ಕೊನೆಯಲ್ಲಿ, ಅಂಕಿಯ ನಂತರ, ‘ಡಿ’ ಅಕ್ಷರ ಇದೆಯೇ ನೋಡಿ: ಎಂಎಸ್‌ವಿಸಿಪಿ140ಡಿ, ವಿಸಿರನ್‌ಟೈಮ್140ಡಿ, ಯುಸಿಆರ್‌ಟಿಬೇಸ್‌ಡಿ. ಇವು ಡೀಬಗ್ ಲೈಬ್ರರಿಗಳು, ಅಂದರೆ ಪ್ರೋಗ್ರಾಂ ಬರೆಯುವವರು ತಪ್ಪು ಹುಡುಕಲು ತಮ್ಮ ಕಂಪ್ಯೂಟರಿನಲ್ಲಿ ಬಳಸುವಂಥವು. ಇವು ಯಾವ ರೀಡಿಸ್ಟ್ರಿಬ್ಯೂಟಬಲ್‌ನಲ್ಲೂ ಬರುವುದಿಲ್ಲ, ಹಂಚಲು ಅನುಮತಿಯೂ ಇಲ್ಲ. ಪ್ರೋಗ್ರಾಂ ಮಾಡಿದವರು ಪರೀಕ್ಷೆಯ ಪ್ರತಿಯನ್ನೇ ತಪ್ಪಿ ಹೊರಗೆ ಕೊಟ್ಟಿದ್ದಾರೆ ಎಂದರ್ಥ. ನೀವು ಮಾಡಬೇಕಾದದ್ದು ಒಂದೇ, ಸರಿಯಾದ ‘ರಿಲೀಸ್’ ಪ್ರತಿ ಕೊಡಿ ಎಂದು ಅವರನ್ನು ಕೇಳುವುದು.

‘ಎಪಿಐ-ಎಂಎಸ್-ವಿನ್-ಸಿಆರ್‌ಟಿ’ ಎಂದು ಶುರುವಾಗುವ ಉದ್ದನೆಯ ಹೆಸರು ಅಥವಾ ಯುಸಿಆರ್‌ಟಿಬೇಸ್ ಎಂದಿದ್ದರೆ ಅದು ಯೂನಿವರ್ಸಲ್ ಸಿ ರನ್‌ಟೈಮ್. ವಿಂಡೋಸ್ 10ರಿಂದ ಇದು ವಿಂಡೋಸಿನದೇ ಭಾಗ. ವಿಂಡೋಸ್ 7, 8, 8.1ರಲ್ಲಿ ಕೆಬಿ2999226 ಎಂಬ ಅಪ್‌ಡೇಟ್ ಮೂಲಕ ಬರುತ್ತಿತ್ತು. 10 ಅಥವಾ 11ರಲ್ಲಿ ಈ ಸಂದೇಶ ಕಂಡರೆ ವಿಂಡೋಸಿನ ಫೈಲುಗಳಿಗೇ ಪೆಟ್ಟಾಗಿರಬಹುದು. ಹಂತ 5ನ್ನು ಮುಗಿಸಿ 7ಕ್ಕೆ ಹೋಗಿ.

ಡಿ3ಡಿಎಕ್ಸ್9_43, ಎಕ್ಸ್‌ಇನ್‌ಪುಟ್1_3, ಎಕ್ಸ್‌ಆಡಿಯೋ2_7, ಡಿ3ಡಿಕಂಪೈಲರ್_43 ಇವು ಹಳೆಯ ಗೇಮುಗಳಿಗೆ ಬೇಕಾಗುವ ಡೈರೆಕ್ಟ್‌ಎಕ್ಸ್ (ಗೇಮುಗಳ ಚಿತ್ರ, ಧ್ವನಿಗಾಗಿ ಮೈಕ್ರೋಸಾಫ್ಟ್ ಕೊಡುವ ಲೈಬ್ರರಿಗಳು) ಫೈಲುಗಳು. ‘ನನ್ನಲ್ಲಿ ಡೈರೆಕ್ಟ್‌ಎಕ್ಸ್ 12 ಇದೆಯಲ್ಲ, 9 ಏಕೆ ಬೇಕು?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 12ರ ಜೊತೆಗೆ ಈ ಹೆಚ್ಚುವರಿ ಫೈಲುಗಳು ಬರುವುದಿಲ್ಲ; ಅವಕ್ಕಾಗಿ ಮೈಕ್ರೋಸಾಫ್ಟ್‌ನ 2010ರ ಜೂನ್ ತಿಂಗಳ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಹಾಕಿದರೆ ನಿಮ್ಮ 12 ಹೋಗುವುದಿಲ್ಲ, ಎರಡೂ ಒಟ್ಟಿಗೇ ಇರುತ್ತವೆ.

ವಲ್ಕನ್-1, ಓಪನ್‌ಸಿಎಲ್, ಎನ್‌ವಿಕುಡಾ ಗ್ರಾಫಿಕ್ಸ್ ಡ್ರೈವರ್ ಜೊತೆ ಬರುವಂಥವು. ನಿಮ್ಮ ಗ್ರಾಫಿಕ್ಸ್ ಚಿಪ್ ತಯಾರಿಸಿದ ಕಂಪನಿಯ ಡ್ರೈವರ್ ಹೊಸದಾಗಿ ಹಾಕಿ. ಎಂಎಫ್‌ಪ್ಲಾಟ್ ಇಲ್ಲ ಎಂದರೆ ನಿಮ್ಮದು ಬಹುಶಃ ವಿಂಡೋಸಿನ ‘ಎನ್’ ಆವೃತ್ತಿ. ಅದರಲ್ಲಿ ಮೀಡಿಯಾ ಭಾಗಗಳು ಇರುವುದಿಲ್ಲ, ಸೆಟ್ಟಿಂಗ್ಸ್‌ನ ‘ಆಪ್ಷನಲ್ ಫೀಚರ್ಸ್’ನಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಸೇರಿಸಿಕೊಳ್ಳಬೇಕು. ಕ್ಯೂಟಿ5ಕೋರ್‌ನಂಥವು ಆಯಾ ಪ್ರೋಗ್ರಾಮಿನ ಸ್ವಂತ ಫೈಲುಗಳು, ಪ್ರೋಗ್ರಾಮನ್ನೇ ಮತ್ತೆ ಇನ್‌ಸ್ಟಾಲ್ ಮಾಡಬೇಕು.

ಇನ್ನು ಡಾಟ್‌ನೆಟ್, ಅಂದರೆ ಮೈಕ್ರೋಸಾಫ್ಟ್‌ನ ಇನ್ನೊಂದು ಬಗೆಯ ರನ್‌ಟೈಮ್. ಎಂಎಸ್‌ಕೋರೀ.ಡಿಎಲ್‌ಎಲ್ ಹೆಸರು ಬಂದರೆ ಅಥವಾ ಸಂದೇಶದಲ್ಲೇ ‘ಡಾಟ್‌ನೆಟ್’ ಎಂದಿದ್ದರೆ ಎರಡು ಬಗೆಯಲ್ಲಿ ಯಾವುದೆಂದು ನೋಡಬೇಕು. ಹಳೆಯ ಪ್ರೋಗ್ರಾಂಗಳಿಗೆ ಡಾಟ್‌ನೆಟ್ ಫ್ರೇಮ್‌ವರ್ಕ್ 3.5 ಬೇಕಾಗುತ್ತದೆ, ಇದು ವಿಂಡೋಸ್ 10ರಲ್ಲೂ 11ರ ಬಹುತೇಕ ಆವೃತ್ತಿಗಳಲ್ಲೂ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಎಂಬಲ್ಲಿ ಆರಿಸಿ ಇಟ್ಟಂತೆ ಇರುತ್ತದೆ, ಗುರುತು ಹಾಕಿ ಚಾಲೂ ಮಾಡಬೇಕು. ಹೊಸ ಪ್ರೋಗ್ರಾಂಗಳು ಡಾಟ್‌ನೆಟ್ 6, 8 ಹೀಗೆ ಒಂದು ನಿರ್ದಿಷ್ಟ ಸಂಖ್ಯೆ ಕೇಳುತ್ತವೆ. 6 ಕೇಳುವ ಪ್ರೋಗ್ರಾಮಿಗೆ 8 ಹಾಕಿದರೆ ಸಾಮಾನ್ಯವಾಗಿ ಸಾಲದು. ಡೌನ್‌ಲೋಡ್ ಪುಟದಲ್ಲಿ ಮೂರ್ನಾಲ್ಕು ಪ್ಯಾಕೇಜುಗಳಿರುತ್ತವೆ. ಕಿಟಕಿ ತೆರೆಯುವ ಮಾಮೂಲಿ ಪ್ರೋಗ್ರಾಂಗಳಿಗೆ ಬೇಕಾದದ್ದು ‘ಡೆಸ್ಕ್‌ಟಾಪ್ ರನ್‌ಟೈಮ್’. ಎಸ್‌ಡಿಕೆ ಎಂಬುದು ಪ್ರೋಗ್ರಾಂ ಬರೆಯುವವರಿಗೆ.

ಹಂತ 3: 32 ಬಿಟ್ಟೋ 64 ಬಿಟ್ಟೋ?

ನಿಮ್ಮ ವಿಂಡೋಸ್ 64 ಬಿಟ್ ಆಗಿದ್ದರೂ ಅದರ ಮೇಲೆ ಓಡುವ ಪ್ರೋಗ್ರಾಂ 32 ಬಿಟ್ ಆಗಿರಬಹುದು. 32 ಬಿಟ್ ಪ್ರೋಗ್ರಾಂ 32 ಬಿಟ್ ಡಿಎಲ್‌ಎಲ್ ಮಾತ್ರ ಬಳಸಬಲ್ಲದು, 64 ಬಿಟ್ಟಿನದು 64 ಬಿಟ್ಟಿನದನ್ನು ಮಾತ್ರ. ಆದ್ದರಿಂದ 64 ಬಿಟ್ ವಿಂಡೋಸಿನಲ್ಲಿ ಎರಡೂ ಪ್ಯಾಕೇಜುಗಳನ್ನು ಹಾಕಿಕೊಳ್ಳುವುದೇ ಒಳ್ಳೆಯದು. ಡೌನ್‌ಲೋಡ್ ಪುಟದಲ್ಲಿ ಎಕ್ಸ್86 ಎಂದಿರುವುದು 32 ಬಿಟ್, ಎಕ್ಸ್64 ಎಂದಿರುವುದು 64 ಬಿಟ್. ‘ನನ್ನದು 64 ಬಿಟ್ ಕಂಪ್ಯೂಟರ್’ ಎಂದು ಎಕ್ಸ್64 ಮಾತ್ರ ಹಾಕಿ, ದೋಷ ಹೋಗಲಿಲ್ಲ ಎಂದು ಬರೆದವರಿಗೆ ಎಕ್ಸ್86 ಕೂಡ ಹಾಕಿ ನೋಡಿ ಎಂದದ್ದೇ ಎಷ್ಟೋ ಸಲ ಪರಿಹಾರವಾಗಿದೆ.

ಫೋಲ್ಡರುಗಳ ಹೆಸರೂ ದಾರಿ ತಪ್ಪಿಸುತ್ತದೆ. 64 ಬಿಟ್ ವಿಂಡೋಸಿನಲ್ಲಿ ‘ಸಿಸ್ಟಮ್32’ ಎಂಬ ಫೋಲ್ಡರಿನಲ್ಲಿ ಇರುವುದು 64 ಬಿಟ್ ಫೈಲುಗಳು! 32 ಬಿಟ್ ಫೈಲುಗಳು ಇರುವುದು ‘ಸಿಸ್‌ವಾವ್64’ ಎಂಬಲ್ಲಿ. ಹಳೆಯ ಪ್ರೋಗ್ರಾಂಗಳು ಕೆಡದಿರಲೆಂದು ಸಿಸ್ಟಮ್32 ಎಂಬ ಹೆಸರನ್ನು ಹಾಗೇ ಉಳಿಸಿಕೊಂಡದ್ದರ ಪರಿಣಾಮ ಇದು. ಹೆಸರು ನಂಬಿ 32 ಬಿಟ್ ಫೈಲನ್ನು ಸಿಸ್ಟಮ್32ಕ್ಕೆ ನಕಲು ಮಾಡಿದವರ ಕಂಪ್ಯೂಟರಿನಲ್ಲೇ 0ಎಕ್ಸ್‌ಸಿ000007ಬಿ ಕಾಣಿಸಿಕೊಳ್ಳುವುದು.

ಹಂತ 4: ಪ್ಯಾಕೇಜ್ ಹಾಕಿ, ಇದ್ದರೆ ರಿಪೇರಿ ಮಾಡಿ

ಪ್ಯಾಕೇಜನ್ನು ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹುಡುಕಾಟದ ಫಲಿತಾಂಶದಲ್ಲಿ ಮೇಲೆ ಬರುವ ಜಾಹೀರಾತುಗಳು, ‘ಡಿಎಲ್‌ಎಲ್ ಫಿಕ್ಸರ್’ಗಳು, ಒಂಟಿ ಡಿಎಲ್‌ಎಲ್ ಕೊಡುವ ತಾಣಗಳು ಯಾವುದನ್ನೂ ಮುಟ್ಟಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಡಿಎಲ್‌ಎಲ್ ಎಂದರೆ ನಿಮ್ಮ ಪ್ರೋಗ್ರಾಮಿನ ಒಳಗೆ, ಅದರ ಅಧಿಕಾರದಲ್ಲೇ ಓಡುವ ಕೋಡ್. ಗುರುತಿಲ್ಲದವರಿಂದ ಅದನ್ನು ಪಡೆಯುವುದೆಂದರೆ ಮನೆಯ ಬೀಗದ ಕೈಯನ್ನು ಅವರ ಕೈಗೆ ಕೊಟ್ಟಂತೆ. ವೈರಸ್ ಇಲ್ಲದಿದ್ದರೂ, ಆವೃತ್ತಿ ಸರಿಯೇ, ಮುಂದೆ ಭದ್ರತೆಯ ಅಪ್‌ಡೇಟ್ ಬರುತ್ತದೆಯೇ ಎಂಬ ಯಾವ ಖಾತ್ರಿಯೂ ಇರುವುದಿಲ್ಲ. ರನ್‌ಟೈಮ್ ಒಂದೇ ಫೈಲಲ್ಲ, ಒಂದರ ಮೇಲೊಂದು ಅವಲಂಬಿಸಿದ ಹಲವು ಫೈಲುಗಳ ಕಟ್ಟು. ಒಂದನ್ನು ತಂದಿಟ್ಟರೆ ಮರುಕ್ಷಣ ಇನ್ನೊಂದು ಇಲ್ಲ ಎನ್ನುತ್ತದೆ.

ಇಳಿಸಿಕೊಂಡ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ, ‘ಪ್ರಾಪರ್ಟೀಸ್’ನಲ್ಲಿ ‘ಡಿಜಿಟಲ್ ಸಿಗ್ನೇಚರ್ಸ್’ ಎಂಬ ಟ್ಯಾಬ್ ತೆರೆಯಿರಿ. ಸಹಿ ಮೈಕ್ರೋಸಾಫ್ಟ್‌ನದೇ ಆಗಿರಬೇಕು. ಆ ಟ್ಯಾಬೇ ಇಲ್ಲದಿದ್ದರೆ ಫೈಲನ್ನು ಅಳಿಸಿಬಿಡಿ.

ಈಗ ಎಲ್ಲ ಪ್ರೋಗ್ರಾಂ ಮುಚ್ಚಿ ಇನ್‌ಸ್ಟಾಲರ್ ಓಡಿಸಿ. ಅದೇ ಆವೃತ್ತಿ ಮೊದಲೇ ಇದ್ದರೆ ‘ರಿಪೇರ್’, ‘ಅನ್‌ಇನ್‌ಸ್ಟಾಲ್’, ‘ಕ್ಲೋಸ್’ ಎಂಬ ಆಯ್ಕೆಗಳು ಬರುತ್ತವೆ, ರಿಪೇರ್ ಒತ್ತಿ. ಹಾಳಾದ ಅಥವಾ ಅಳಿದುಹೋದ ಫೈಲನ್ನು ಅದು ಮತ್ತೆ ತಂದಿಡುತ್ತದೆ. ಕಂಟ್ರೋಲ್ ಪ್ಯಾನೆಲ್‌ನ ‘ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್’ ಪಟ್ಟಿಯಲ್ಲಿ ಆಯಾ ಹೆಸರಿನ ಮೇಲೆ ನಿಂತು ‘ಚೇಂಜ್’ ಒತ್ತಿದರೂ ಇದೇ ಬರುತ್ತದೆ. ಕೆಲಸ ಮುಗಿದ ಮೇಲೆ ಕೇಳಲಿ ಬಿಡಲಿ, ಒಮ್ಮೆ ರೀಸ್ಟಾರ್ಟ್ ಮಾಡಿ.

0ಎಕ್ಸ್80070666 ಎಂಬ ಕೋಡ್ ಬಂದರೆ ಗಾಬರಿ ಬೇಡ. ನೀವು ಹಾಕಲು ಹೊರಟದ್ದಕ್ಕಿಂತ ಹೊಸದು ಆಗಲೇ ಕಂಪ್ಯೂಟರಿನಲ್ಲಿದೆ ಎಂದು ಅದರ ಅರ್ಥ. ಆ ಹೊಸದನ್ನೇ ರಿಪೇರಿ ಮಾಡಿ.

ಡೈರೆಕ್ಟ್‌ಎಕ್ಸ್‌ನ ಪೂರ್ತಿ ಪ್ಯಾಕೇಜಿನಲ್ಲಿ ಎಡವುವ ಒಂದು ಜಾಗ ಇದೆ. ಪ್ಯಾಕೇಜನ್ನು ಓಡಿಸಿದಾಗ ಅದು ಫೋಲ್ಡರ್ ಯಾವುದು ಎಂದು ಕೇಳಿ, ಫೈಲುಗಳನ್ನು ಅಲ್ಲಿಗೆ ಬಿಚ್ಚಿಟ್ಟು ಸುಮ್ಮನಾಗುತ್ತದೆ. ಇನ್‌ಸ್ಟಾಲ್ ಆಯಿತೆಂದು ಅನೇಕರು ಅಲ್ಲಿಗೇ ನಿಲ್ಲಿಸುತ್ತಾರೆ. ಆ ಫೋಲ್ಡರ್ ಒಳಗಿರುವ ‘ಡಿಎಕ್ಸ್‌ಸೆಟಪ್’ ಎಂಬುದನ್ನು ಓಡಿಸಿದ ಮೇಲೆಯೇ ನಿಜವಾದ ಇನ್‌ಸ್ಟಾಲ್ ಆಗುವುದು. ಒಂದು ಹೊಸ ಖಾಲಿ ಫೋಲ್ಡರ್ ಮಾಡಿ ಅದಕ್ಕೇ ಬಿಚ್ಚಿ, ಇಲ್ಲದಿದ್ದರೆ ನೂರಕ್ಕೂ ಹೆಚ್ಚು ಫೈಲುಗಳು ಡೆಸ್ಕ್‌ಟಾಪ್ ತುಂಬ ಹರಡಿಕೊಳ್ಳುತ್ತವೆ.

ಇನ್‌ಸ್ಟಾಲ್ ಆಗಿರುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ವಿಷುಯಲ್ ಸಿ++ ಎಂಬ ಹೆಸರು ಹತ್ತು ಹನ್ನೆರಡು ಸಲ ಕಾಣುವುದು ಸಹಜ. ಒಂದೊಂದು ವರ್ಷದ್ದು, ಪ್ರತಿ ವರ್ಷಕ್ಕೆ ಎರಡೆರಡು ಬಿಟ್ಟಿನದು. ಜಾಗ ಉಳಿಸಲೆಂದು ‘ಹಳೆಯವು’ ಎಂದುಕೊಂಡು ತೆಗೆದುಹಾಕಬೇಡಿ. ಅವನ್ನು ನೆಚ್ಚಿಕೊಂಡ ಯಾವುದೋ ಪ್ರೋಗ್ರಾಂ ನಾಳೆಯೇ ನಿಲ್ಲುತ್ತದೆ.

ಹಂತ 5: ಪ್ರೋಗ್ರಾಮಿನ ಫೋಲ್ಡರಿನಲ್ಲೇ ಕುಳಿತ ಹಳೆಯ ಫೈಲ್

ಸರಿಯಾದ ಪ್ಯಾಕೇಜ್ ಹಾಕಿದ ಮೇಲೂ ದೋಷ ಹೋಗದಿದ್ದರೆ ನಾನು ಮೊದಲು ನೋಡುವ ಜಾಗ ಇದು. ವಿಂಡೋಸ್ ಡಿಎಲ್‌ಎಲ್ ಹುಡುಕುವಾಗ ಸಾಮಾನ್ಯವಾಗಿ ಪ್ರೋಗ್ರಾಂ ಇರುವ ಫೋಲ್ಡರನ್ನೇ ಮೊದಲು ನೋಡುತ್ತದೆ, ಅಲ್ಲಿ ಸಿಗದಿದ್ದರೆ ಮಾತ್ರ ಸಿಸ್ಟಮ್ ಫೋಲ್ಡರಿಗೆ ಹೋಗುತ್ತದೆ. ನೀವೋ ಬೇರೆ ಯಾರೋ ಹಿಂದೊಮ್ಮೆ ಎಲ್ಲಿಂದಲೋ ತಂದ ಫೈಲನ್ನು ಪ್ರೋಗ್ರಾಮಿನ ಪಕ್ಕದಲ್ಲಿ ಇಟ್ಟಿದ್ದರೆ, ಒಳ್ಳೆಯ ಫೈಲ್ ಸಿಸ್ಟಮ್ ಫೋಲ್ಡರಿನಲ್ಲಿ ಇದ್ದೂ ಅದರ ಸರದಿ ಬರುವುದೇ ಇಲ್ಲ.

ಪ್ರೋಗ್ರಾಮಿನ ಶಾರ್ಟ್‌ಕಟ್ ಮೇಲೆ ಬಲ ಕ್ಲಿಕ್ ಮಾಡಿ ‘ಓಪನ್ ಫೈಲ್ ಲೊಕೇಶನ್’ ಆರಿಸಿ. ಸಂದೇಶದಲ್ಲಿದ್ದ ಹೆಸರಿನ ಫೈಲ್ ಅಲ್ಲಿದೆಯೇ ನೋಡಿ. ಇದ್ದರೆ ಅಳಿಸಬೇಡಿ, ಹೆಸರಿನ ಕೊನೆಗೆ ‘.ಹಳೆಯದು’ ಎಂಬ ಅರ್ಥದ ಯಾವುದಾದರೂ ಬಾಲ ಸೇರಿಸಿ ಮತ್ತೆ ಪ್ರೋಗ್ರಾಂ ತೆರೆಯಿರಿ. ಸರಿಹೋದರೆ ಕಾರಣ ಸಿಕ್ಕಿತು. ಇಲ್ಲದಿದ್ದರೆ ಮೊದಲಿನ ಹೆಸರನ್ನೇ ಕೊಡಿ. ಕೆಲವು ಪ್ರೋಗ್ರಾಂಗಳು ರನ್‌ಟೈಮನ್ನು ಬೇಕೆಂದೇ ತಮ್ಮ ಫೋಲ್ಡರಿನಲ್ಲಿ ಇಟ್ಟುಕೊಳ್ಳುತ್ತವೆ, ಅದು ತಪ್ಪಲ್ಲ.

ಹಿಂದೆ ಸಿಸ್ಟಮ್32ಕ್ಕೆ ಅಥವಾ ಸಿಸ್‌ವಾವ್64ಕ್ಕೆ ಕೈಯಾರೆ ಫೈಲ್ ಹಾಕಿದ್ದು ನೆನಪಿದ್ದರೆ ಅದರ ಪ್ರಾಪರ್ಟೀಸ್ ತೆರೆದು ಆವೃತ್ತಿ, ಸಹಿ ಎರಡನ್ನೂ ಪರೀಕ್ಷಿಸಿ. ಸಂಶಯವಿದ್ದರೆ ಹಂತ 4ರ ರಿಪೇರಿಯನ್ನು ಮತ್ತೊಮ್ಮೆ ಮಾಡಿ.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತು: ‘ರೆಗ್‌ಸರ್ವರ್32 ಆದೇಶ ಕೊಟ್ಟು ಡಿಎಲ್‌ಎಲ್ ನೋಂದಾಯಿಸಿ’ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಕಾಮ್ ಎಂಬ ಬೇರೆ ಬಗೆಯ ಘಟಕಗಳಿಗೆ ಮಾತ್ರ. ವಿಷುಯಲ್ ಸಿ++ ಫೈಲುಗಳಿಗೆ ನೋಂದಣಿಯೇ ಬೇಕಿಲ್ಲ. ಪ್ರಯತ್ನಿಸಿದರೆ ‘ಡಿಎಲ್‌ಎಲ್ ರಿಜಿಸ್ಟರ್ ಸರ್ವರ್ ಎಂಬ ಎಂಟ್ರಿ ಪಾಯಿಂಟ್ ಇಲ್ಲ’ ಎಂಬ ಹೊಸ ಸಂದೇಶ ಬಂದು ನಿಮ್ಮನ್ನು ಇನ್ನಷ್ಟು ಗೊಂದಲಕ್ಕೆ ತಳ್ಳುತ್ತದೆ.

ಹಂತ 6: ಆಂಟಿವೈರಸ್ ಎತ್ತಿಟ್ಟಿದೆಯೇ?

ನಿನ್ನೆವರೆಗೆ ಓಡುತ್ತಿದ್ದ ಪ್ರೋಗ್ರಾಂ ಇಂದು ಫೈಲ್ ಇಲ್ಲ ಎಂದರೆ ವಿಂಡೋಸ್ ಸೆಕ್ಯುರಿಟಿ ತೆರೆದು ‘ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್’ನಲ್ಲಿ ‘ಪ್ರೊಟೆಕ್ಷನ್ ಹಿಸ್ಟರಿ’ ನೋಡಿ. ಬೇರೆ ಆಂಟಿವೈರಸ್ ಇದ್ದರೆ ಅದರ ಕ್ವಾರಂಟೈನ್ ಪಟ್ಟಿ, ಅಂದರೆ ಅನುಮಾನದ ಫೈಲುಗಳನ್ನು ಕೂಡಿಟ್ಟ ಜಾಗ, ನೋಡಿ. ನಿಮ್ಮ ಫೈಲ್ ಅಲ್ಲಿ ಸಿಕ್ಕಿದ ಮಾತ್ರಕ್ಕೆ ‘ರಿಸ್ಟೋರ್’ ಒತ್ತಬೇಡಿ. ತಯಾರಕರ ತಾಣದಿಂದಲೇ ಪಡೆದ, ಸಹಿ ಇರುವ ಪ್ರೋಗ್ರಾಂ ಆಗಿದ್ದರೆ ಹೊಸ ಆವೃತ್ತಿ ಇಳಿಸಿ ಮತ್ತೆ ಹಾಕಿ. ಲೈಸೆನ್ಸ್ ಮುರಿದ ‘ಕ್ರ್ಯಾಕ್’ ಪ್ರತಿಯಾಗಿದ್ದರೆ ಆಂಟಿವೈರಸ್ ಮಾತನ್ನು ಕೇಳಿ, ಅದನ್ನು ಪೂರ್ತಿ ತೆಗೆದುಹಾಕಿ. ಅಂಥ ಪ್ರತಿಗಳಲ್ಲಿ ಬದಲಾಯಿಸುವುದು ಹೆಚ್ಚಾಗಿ ಡಿಎಲ್‌ಎಲ್ ಫೈಲುಗಳನ್ನೇ.

ಹಂತ 7: ವಿಂಡೋಸಿನ ಸ್ವಂತ ಫೈಲುಗಳ ದುರಸ್ತಿ

ಕೆಟ್ಟದ್ದು ವಿಂಡೋಸಿನದೇ ಫೈಲ್ ಎಂದು ಕಂಡರೆ ಈ ಹಂತ. ‘ಎಸ್‌ಎಫ್‌ಸಿ ಓಡಿಸಿ’ ಎಂಬುದು ಎಲ್ಲ ರೋಗಕ್ಕೂ ಮದ್ದೆಂಬಂತೆ ಹೇಳುವ ಸಲಹೆ. ಆದರೆ ಎಸ್‌ಎಫ್‌ಸಿ (ಸಿಸ್ಟಮ್ ಫೈಲ್ ಚೆಕರ್ ಎಂಬ ವಿಂಡೋಸಿನ ಉಪಕರಣ) ನೋಡಿಕೊಳ್ಳುವುದು ವಿಂಡೋಸಿನ ಸಂರಕ್ಷಿತ ಫೈಲುಗಳನ್ನು ಮಾತ್ರ. ಎಂಎಸ್‌ವಿಸಿಪಿ140 ಕಾಣೆಯಾದರೆ ಅದು ತಂದುಕೊಡುವುದಿಲ್ಲ, ಏಕೆಂದರೆ ಆ ಫೈಲ್ ರೀಡಿಸ್ಟ್ರಿಬ್ಯೂಟಬಲ್‌ಗೆ ಸೇರಿದ್ದು. ಯುಸಿಆರ್‌ಟಿಬೇಸ್ ಕೆಟ್ಟಿದ್ದರೆ ತರುತ್ತದೆ, ಅದು ವಿಂಡೋಸಿನದು. ಒಡೆಯ ಯಾರೆಂಬ ಪ್ರಶ್ನೆ ಇಲ್ಲೂ ತಪ್ಪುವುದಿಲ್ಲ.

ಸ್ಟಾರ್ಟ್ ಮೆನುವಿನಲ್ಲಿ ‘ಸಿಎಂಡಿ’ ಎಂದು ಟೈಪ್ ಮಾಡಿ, ಬರುವ ಕಮಾಂಡ್ ಪ್ರಾಂಪ್ಟ್ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಆರಿಸಿ. ಮೊದಲು ಈ ಆದೇಶ ಕೊಡಿ:

ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್

ಪ್ರತಿ ಓರೆಗೀಟಿನ ಹಿಂದೆ ಒಂದು ಖಾಲಿ ಜಾಗ ಇರಬೇಕು, ಮುಂದೆ ಇರಬಾರದು. ವಿಂಡೋಸ್ ತನ್ನ ಫೈಲುಗಳ ಮೂಲಪ್ರತಿ ಇಟ್ಟುಕೊಳ್ಳುವ ಉಗ್ರಾಣವನ್ನು ಇದು ಸರಿಪಡಿಸುತ್ತದೆ, ಬೇಕಾದದ್ದನ್ನು ವಿಂಡೋಸ್ ಅಪ್‌ಡೇಟ್‌ನಿಂದ ತರಿಸಿಕೊಳ್ಳುತ್ತದೆ. ಶೇಕಡಾವಾರು ಅಂಕಿ ಒಂದೇ ಕಡೆ ಬಹಳ ಹೊತ್ತು ನಿಂತಂತೆ ಕಾಣಬಹುದು. ಕಿಟಕಿ ಮುಚ್ಚಬೇಡಿ, ಕಾಯಿರಿ. ಅದು ಮುಗಿದ ಮೇಲೆ:

ಎಸ್‌ಎಫ್‌ಸಿ /ಸ್ಕ್ಯಾನ್‌ನೌ

ಉಗ್ರಾಣದ ಒಳ್ಳೆಯ ಪ್ರತಿಯೊಂದಿಗೆ ಹೋಲಿಸಿ ಕೆಟ್ಟ ಫೈಲುಗಳನ್ನು ಬದಲಾಯಿಸುವುದು ಎಸ್‌ಎಫ್‌ಸಿ ಕೆಲಸ. ಉಗ್ರಾಣವೇ ಕೆಟ್ಟಿದ್ದರೆ ಹೋಲಿಸಲು ಏನೂ ಇರದು, ಅದಕ್ಕೇ ಡಿಐಎಸ್‌ಎಂ ಮೊದಲು. ಕೆಟ್ಟ ಫೈಲುಗಳು ಸಿಕ್ಕವು, ಆದರೆ ಕೆಲವನ್ನು ಸರಿಪಡಿಸಲು ಆಗಲಿಲ್ಲ ಎಂದು ಬಂದರೆ ರೀಸ್ಟಾರ್ಟ್ ಮಾಡಿ ಎರಡನ್ನೂ ಇದೇ ಕ್ರಮದಲ್ಲಿ ಇನ್ನೊಮ್ಮೆ ಓಡಿಸಿ. ವಿವರ ಬೇಕಾದವರಿಗೆ ವಿಂಡೋಸ್ ಫೋಲ್ಡರಿನ ಒಳಗೆ ಲಾಗ್ಸ್, ಅದರೊಳಗೆ ಸಿಬಿಎಸ್ ಎಂಬ ಫೋಲ್ಡರಿನಲ್ಲಿ ದಾಖಲೆ ಇರುತ್ತದೆ.

ಸರಿಪಡಿಸಿದ ಫೈಲುಗಳು ವಾರ ಕಳೆಯುವುದರಲ್ಲಿ ಮತ್ತೆ ಹಾಳಾಗುತ್ತಿದ್ದರೆ ತೊಂದರೆ ಡಿಸ್ಕಿನಲ್ಲೋ ಮೆಮೊರಿಯಲ್ಲೋ ಇರಬಹುದು. ನಿಮ್ಮ ದಾಖಲೆಗಳ ಬ್ಯಾಕಪ್ ಅನ್ನು ಮೊದಲು ತೆಗೆಯಿರಿ, ಆಮೇಲೆ ಡಿಸ್ಕ್ ಪರೀಕ್ಷಿಸುವ ‘ಚೆಕ್‌ಡಿಸ್ಕ್’ (ಟೈಪ್ ಮಾಡುವ ಆದೇಶ ಸಿಎಚ್‌ಕೆಡಿಎಸ್‌ಕೆ) ಮತ್ತು ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ. ಈ ಕ್ರಮ ಹಿಂದುಮುಂದಾಗದಿರಲಿ. ಸಾಯುತ್ತಿರುವ ಡಿಸ್ಕಿನ ಮೇಲೆ ದೀರ್ಘ ಪರೀಕ್ಷೆ ನಡೆಸಿದರೆ ಉಳಿದದ್ದೂ ಹೋಗಬಹುದು.

ಹಂತ 8: ಸಂದೇಶದಲ್ಲಿ ಫೈಲಿನ ಹೆಸರೇ ಇಲ್ಲದಿದ್ದರೆ

‘ಸೈಡ್-ಬೈ-ಸೈಡ್ ಕಾನ್ಫಿಗರೇಶನ್ ಸರಿಯಿಲ್ಲ’ ಎಂಬ ಸಂದೇಶ ಬಹಳ ಜನರನ್ನು ಕಂಗೆಡಿಸುತ್ತದೆ. 2005 ಮತ್ತು 2008ರ ರನ್‌ಟೈಮ್ ಕಾಣೆಯಾದಾಗ ಹೆಚ್ಚಾಗಿ ಬರುವುದು ಇದೇ. ‘ಇವೆಂಟ್ ವ್ಯೂಅರ್’ ತೆರೆದು ‘ವಿಂಡೋಸ್ ಲಾಗ್ಸ್’ ಕೆಳಗೆ ‘ಅಪ್ಲಿಕೇಶನ್’ ಎಂಬುದನ್ನು ಒತ್ತಿ, ‘ಸೈಡ್‌ಬೈಸೈಡ್’ ಎಂಬ ಮೂಲದಿಂದ ಬಂದ ದೋಷವನ್ನು ಹುಡುಕಿ. ಅದರ ವಿವರದಲ್ಲಿ ‘ಮೈಕ್ರೋಸಾಫ್ಟ್.ವಿಸಿ90.ಸಿಆರ್‌ಟಿ’ ಎಂಬಂಥ ಹೆಸರು ಇರುತ್ತದೆ. 90 ಎಂದರೆ 2008 ಎಂದು ನಿಮಗೀಗ ಗೊತ್ತು. ಪಕ್ಕದಲ್ಲೇ ಪ್ರೊಸೆಸರ್ ಬಗೆ ಎಕ್ಸ್86 ಎಂದೋ ಎಎಂಡಿ64 ಎಂದೋ ಬರೆದಿರುತ್ತದೆ. ಎಎಂಡಿ64 ಎಂದರೆ ಎಕ್ಸ್64 ಎಂದೇ ಅರ್ಥ, ನಿಮ್ಮ ಪ್ರೊಸೆಸರ್ ಇಂಟೆಲ್‌ನದಾಗಿದ್ದರೂ. ಅದಕ್ಕೆ ಹೊಂದುವ ಪ್ಯಾಕೇಜ್ ಹಾಕಿ.

ತೆರೆದ ಕೂಡಲೇ ಮುಚ್ಚಿಹೋಗುವ ಪ್ರೋಗ್ರಾಮಿಗೂ ಇದೇ ಜಾಗ ನೋಡಬಹುದು. ‘ಅಪ್ಲಿಕೇಶನ್ ಎರರ್’ ಮೂಲದ, 1000 ಸಂಖ್ಯೆಯ ದಾಖಲೆಯಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲು ಇರುತ್ತದೆ, ಅಂದರೆ ಯಾವ ಫೈಲಿನೊಳಗೆ ಓಡುವಾಗ ಪ್ರೋಗ್ರಾಂ ಬಿದ್ದಿತು ಎಂಬ ಮಾಹಿತಿ. ಅಲ್ಲಿ ಕಂಡ ಫೈಲೇ ತಪ್ಪಿತಸ್ಥ ಎಂದು ತೀರ್ಮಾನಿಸಬೇಡಿ. ಯುಸಿಆರ್‌ಟಿಬೇಸ್, ಎನ್‌ಟಿಡಿಎಲ್‌ಎಲ್ ಹೆಸರುಗಳು ಅಲ್ಲಿ ಆಗಾಗ ಬರುತ್ತವೆ, ಎಷ್ಟೋ ವೇಳೆ ಪ್ರೋಗ್ರಾಂ ಕೊಟ್ಟ ತಪ್ಪು ಮಾಹಿತಿಯಿಂದ ಅವು ಬಿದ್ದಿರುತ್ತವೆ.

ಇಷ್ಟಾದರೂ ತಿಳಿಯದಿದ್ದರೆ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದ ‘ಪ್ರೋಸೆಸ್ ಮಾನಿಟರ್’ ಬಳಸಬಹುದು. ಪ್ರೋಗ್ರಾಂ ಯಾವ ಯಾವ ಫೋಲ್ಡರಿನಲ್ಲಿ ಯಾವ ಫೈಲನ್ನು ಹುಡುಕಿತು, ಎಲ್ಲಿ ಸಿಗಲಿಲ್ಲ ಎಂಬುದನ್ನು ಅದು ಸಾಲುಸಾಲಾಗಿ ತೋರಿಸುತ್ತದೆ. ‘ನೇಮ್ ನಾಟ್ ಫೌಂಡ್’ ಎಂಬ ಸಾಲುಗಳು ಆರೋಗ್ಯವಾಗಿರುವ ಪ್ರೋಗ್ರಾಮಿನಲ್ಲೂ ನೂರಾರು ಇರುತ್ತವೆ. ನೀವು ಹುಡುಕಬೇಕಾದದ್ದು ಕೊನೆಯವರೆಗೂ ಎಲ್ಲೂ ಸಿಗದ ಡಿಎಲ್‌ಎಲ್. ಡಿಪೆಂಡೆನ್ಸಿ ವಾಕರ್ ಎಂಬ ಹಳೆಯ ಉಪಕರಣವನ್ನು ಈಗ ಬಳಸಬೇಡಿ. ವಿಂಡೋಸ್ 7ರಿಂದ ಈಚೆಗಿನ ಎಪಿಐ ಸೆಟ್ ಹೆಸರುಗಳು (‘ಎಪಿಐ-ಎಂಎಸ್-ವಿನ್’ ಎಂದು ಶುರುವಾಗುವಂಥವು) ಅದಕ್ಕೆ ತಿಳಿಯವು, ಇಲ್ಲದ ದೋಷಗಳ ಉದ್ದನೆಯ ಪಟ್ಟಿ ಕೊಡುತ್ತದೆ.

ಪ್ರೋಗ್ರಾಂ ತಯಾರಕರಿಗೋ ತಿಳಿದವರಿಗೋ ಬರೆಯಬೇಕಾಗಿ ಬಂದರೆ ಇವನ್ನು ಸೇರಿಸಿ: ಸಂದೇಶದ ಚಿತ್ರ, ವಿಂಡೋಸ್ ಆವೃತ್ತಿ ಮತ್ತು ಬಿಲ್ಡ್ ಸಂಖ್ಯೆ (ಸ್ಟಾರ್ಟ್ ಮೆನುವಿನಲ್ಲಿ ‘ವಿನ್‌ವರ್’ ಎಂದು ಟೈಪ್ ಮಾಡಿದರೆ ಸಿಗುತ್ತದೆ), ಪ್ರೋಗ್ರಾಮಿನ ಆವೃತ್ತಿ, ಅದು 32 ಬಿಟ್ಟೋ 64 ಬಿಟ್ಟೋ ಗೊತ್ತಿದ್ದರೆ ಅದು, ಈಗಾಗಲೇ ಹಾಕಿರುವ ವಿಷುಯಲ್ ಸಿ++ ಪ್ಯಾಕೇಜುಗಳ ಪಟ್ಟಿ, ಇವೆಂಟ್ ವ್ಯೂಅರ್‌ನ ದಾಖಲೆ. ಎಲ್ಲಿಂದಲೋ ಡಿಎಲ್‌ಎಲ್ ತಂದು ಹಾಕಿದ್ದರೆ ಅದನ್ನೂ ಸಂಕೋಚಪಡದೆ ಬರೆಯಿರಿ, ಯಾವ ಫೋಲ್ಡರಿಗೆ ಹಾಕಿದಿರಿ ಎಂಬುದರ ಸಮೇತ. ನೋಡುವವರು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಅದು.